ಪಾಲಾಗದೆ ಉಳಿದ ಮಿಷನ್ನು

ಹೋದ ವಾರ ನಮ್ಮ ದೊಡ್ಡಪ್ಪನ ಮಗ ರಮೇಶ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಹಾಕಿದ. ಹೊಸದಾಗಿ ಮಾಡಿಸಿದ ಷೋಕೇಸಿನೊಳಗೆ, ಅವನ ಮಗಳು ಡ್ಯಾನ್ಸಿನಲ್ಲಿ ಗೆದ್ದ ಕಪ್ಪುಗಳ ನಡುವೆ, ನಮ್ಮ ಹಳೆಯ ಆಂಪ್ಲಿಫೈಯರ್ ಕೂತಿತ್ತು. ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ, ಎರಡು ಬದಿಗೂ ಹಿಡಿ, ಮುಂದೆ ಸಾಲಾಗಿ ತಿರುಗಿಸುವ ಗುಂಡಿಗಳು, ಮೂಲೆಯಲ್ಲಿ ಒಂದು ಕೆಂಪು ದೀಪ. ಮೇಲೆ ಪ್ಲಾಸ್ಟಿಕ್ ಹೂವಿನ ಹಾರ. ಕೆಳಗೆ 'ಊರಿಗೆ ದನಿ ಕೊಟ್ಟ ನಮ್ಮಪ್ಪನ ನೆನಪು' ಎಂದು ಬರೆದಿದ್ದ. ನೆಂಟರೆಲ್ಲ ಕೈಮುಗಿಯುವ ಚಿತ್ರ ಕಳಿಸಿದ್ದೇ ಕಳಿಸಿದ್ದು. ಶ್ರೀರಂಗಪಟ್ಟಣದ ನನ್ನ ಅಡುಗೆಮನೆಯಲ್ಲಿ ದಂಟಿನ ಸೊಪ್ಪು ಸೋಸುತ್ತಾ ಕೂತಿದ್ದವಳು ಅದನ್ನು ನೋಡಿ ಮೊದಲು ನಕ್ಕೆ, ಆಮೇಲೆ ಸೊಪ್ಪನ್ನು ಪಕ್ಕಕ್ಕೆ ತಳ್ಳಿದೆ. ಊರಿಗೆ ದನಿ ಕೊಟ್ಟನಂತೆ. ಮನೆಯೊಳಗೆ ಇದ್ದ ಒಂದು ಒಳ್ಳೆಯ ದನಿಯನ್ನು ಅಡಗಿಸಿದವನು ಅವನು. ಆ ಪೆಟ್ಟಿಗೆಯನ್ನು ರಮೇಶ ಇಳಿಸಿಕೊಂಡು ಹೋದದ್ದು ಅವ್ವ ತೀರಿಕೊಂಡ ಮೇಲೆ, ನಮ್ಮ ಭಾಗದ ಅಟ್ಟದಿಂದ, ನನ್ನನ್ನು ಒಂದು ಮಾತೂ ಕೇಳದೆ. ದೊಡ್ಡಪ್ಪನದೇ ಆಗಿದ್ದರೆ ಅದು ನಮ್ಮ ಅಟ್ಟಕ್ಕೆ ಯಾಕೆ ಬಂದಿತ್ತು ಎಂದು ಗ್ರೂಪಿನಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಇಲ್ಲಿ ಹೇಳುತ್ತೇನೆ.

ನಮ್ಮೂರು ತೊಣ್ಣೂರು ಕೆರೆಯ ಆಚೆ ಮಗ್ಗುಲಿನದು. ನನಗೆ ಬುದ್ಧಿ ಬರುವ ಹೊತ್ತಿಗೆ ನಮ್ಮ ಮನೆ ಭಾಗವಾಗಿತ್ತು. ಅಪ್ಪನೂ ಸೇರಿ ಅಣ್ಣತಮ್ಮಂದಿರು ಮೂರು ಜನ. ದೊಡ್ಡಪ್ಪ ಊರಿನ ಹಾಲಿನ ಡೇರಿಗೆ ಅಧ್ಯಕ್ಷ, ಅಪ್ಪ ನಡುವಿನವನು, ಚಿಕ್ಕಪ್ಪ ಕೊನೆಯವನು. ಮೂವರೂ ಸೇರಿ ಒಂದು ಒಳ್ಳೆಯ ತೊಟ್ಟಿಮನೆಯನ್ನು ಹಾಳುಮಾಡಿದ ರೀತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ತೊಟ್ಟಿಯ ನಡುವೆ ಎದೆಮಟ್ಟದ ಇಟ್ಟಿಗೆ ಗೋಡೆ ಎಬ್ಬಿಸಿದರು. ಗೋಡೆ ಬರುವ ಜಾಗದಲ್ಲಿ ಹೂತಿದ್ದ ಒರಳುಕಲ್ಲನ್ನು ಯಾರು ಇಟ್ಟುಕೊಳ್ಳಬೇಕೆಂದು ಜಗಳವಾಗಿ, ಯಾರೂ ಸೋಲದೆ, ಕೊನೆಗೆ ಅದರ ಮೇಲೇ ಗೋಡೆ ಕಟ್ಟಿದರು. ಅರ್ಧ ಒರಳು ನಮ್ಮ ಕಡೆ, ಅರ್ಧ ಒರಳು ದೊಡ್ಡಪ್ಪನ ಕಡೆ. ರುಬ್ಬಲು ಇಬ್ಬರಿಗೂ ಇಲ್ಲ. ಮೂರು ಒಲೆ, ಮೂರು ಬಾಗಿಲು, ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಉಳಿದಿಬ್ಬರ ಮನೆಯಲ್ಲಿ ಅದರ ವಿಚಾರಣೆ. ದೇವರ ಮನೆಯೊಂದನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ದೇವರು ಒಪ್ಪುವುದಿಲ್ಲವೆಂದು ಹೇಳಿಕೊಂಡರು. ನಿಜವೆಂದರೆ ಅದು ಮೂರು ಭಾಗ ಮಾಡುವಷ್ಟು ಅಗಲವಿರಲಿಲ್ಲ.

ಈ ಭಾಗದಿಂದ ಲಾಭ ಆದದ್ದು ನಮ್ಮವ್ವ ಜಯಮ್ಮನಿಗೆ ಮಾತ್ರ. ಅದು ಗಂಡಸರಿಗೆ ಗೊತ್ತೇ ಆಗಲಿಲ್ಲ. ಒಟ್ಟು ಮನೆಯಲ್ಲಿದ್ದಾಗ ತಿಂಗಳ ಮುಟ್ಟಿನ ದಿನಗಳಲ್ಲಿ ಅವಳು ಮೂಲೆಯಲ್ಲಿ ಕೂರಬೇಕಿತ್ತು. ಒಲೆ ಬೇರೆಯಾದ ಮೇಲೆ ಅವಳ ಅಡುಗೆಮನೆಗೆ ಅವಳೇ ಯಜಮಾನಿ. ಮುಟ್ಟಾದ ದಿನವೂ ಸ್ನಾನ ಮಾಡಿ ಮುದ್ದೆ ತೊಳಸುತ್ತಿದ್ದಳು. ಆಗ ಗುನುಗುತ್ತಿದ್ದಳು. ಅವ್ವ ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದವಳು. ಅವಳ ತವರಿನಲ್ಲಿ ಮದುವೆ ಮನೆಯವರು ಮೊದಲು ಅವಳನ್ನು ಕೇಳಿಕೊಂಡು ಹೋಗಿ ಆಮೇಲೆ ಚಪ್ಪರ ಹಾಕುತ್ತಿದ್ದರಂತೆ, ಸೋಬಾನೆ ಹಾಡುವುದರಲ್ಲಿ ಅಂಥ ಹೆಸರು. ದೊಡ್ಡ ದನಿಯಲ್ಲ, ಆದರೆ ಸವೆಯದ ದನಿ. ಒಲೆಯ ಮುಂದೆ ಅವಳು ಹಾಡುತ್ತಿದ್ದರೆ ನನಗೆ ಹಸಿವು ತಡೆದುಕೊಳ್ಳುವುದು ಕಷ್ಟವೆನಿಸುತ್ತಿರಲಿಲ್ಲ.

ಆಂಪ್ಲಿಫೈಯರ್ ಬಂದದ್ದು ಕೆ.ಆರ್. ಪೇಟೆಯ ಟೆಂಟ್ ಸಿನಿಮಾ ಮುಚ್ಚಿದಾಗ. ದೊಡ್ಡಪ್ಪ ಡೇರಿಗೆ ಕುರ್ಚಿ ತರುತ್ತೇನೆಂದು ಹೋಗಿದ್ದ. ಬುದ್ಧಿವಂತರು ಕುರ್ಚಿಗಳನ್ನು ಮೊದಲೇ ಎತ್ತಿಕೊಂಡು ಹೋಗಿದ್ದರು. ಬರಿಗೈಲಿ ಬಂದರೆ ಮಾನ ಹೋಗುತ್ತದೆಂದು ಈ ಹಳೆಯ ಪೆಟ್ಟಿಗೆಯನ್ನೂ ಅದರ ಜೊತೆಗೆ ಮರದ ಬಾಕ್ಸುಗಳನ್ನೂ ತಗಡಿನ ಹಾರ್ನನ್ನೂ ಗಾಡಿಗೆ ಹಾಕಿಸಿಕೊಂಡು ಬಂದ. ತಮ್ಮಂದಿರು ನಮಗೂ ಪಾಲು ಎಂದರು. ಯಾರ ಭಾಗದಲ್ಲಿ ಇಟ್ಟರೂ ಅದು ಅವರದಾಗಿಬಿಡುತ್ತದಲ್ಲ, ಅದಕ್ಕೆ ಮೂವರೂ ಸೇರಿ ದೇವರ ಮನೆಯಲ್ಲಿಟ್ಟರು. ವೆಂಕಟರಮಣನ ಪಟದ ಕೆಳಗೆ, ಕಳಸದ ಪಕ್ಕ, ಅರಿಶಿನ ಕುಂಕುಮ ಹಚ್ಚಿ. ಮೂರು ಭಾಗಕ್ಕೂ ಒಂದೊಂದು ಬಾಕ್ಸು. ಬೆಳಗ್ಗೆ ಭಕ್ತಿಗೀತೆ, ಸಂಜೆ ರೇಡಿಯೊ, ನಡುನಡುವೆ ದೊಡ್ಡಪ್ಪನ ಭಾಷಣ. ಆ ಮನುಷ್ಯನಿಗೆ ಮೈಕು ಕಂಡರೆ ಸಾಕು, ಎಮ್ಮೆ ಹಾಲಿನ ಜಿಡ್ಡಿನಿಂದ ಹಿಡಿದು ಹೆಣ್ಣುಮಕ್ಕಳ ನಡತೆಯವರೆಗೆ ಎಲ್ಲದರ ಮೇಲೂ ಅಭಿಪ್ರಾಯ ಬರುತ್ತಿತ್ತು. ನಾವು ಉಣ್ಣುತ್ತಿದ್ದ ಗೋಡೆಯ ಮೇಲಿನ ಬಾಕ್ಸಿನಿಂದ ಅವನು ಕೆಮ್ಮುವುದೂ ಕೇಳುತ್ತಿತ್ತು. ನಮಗೆ ಅದನ್ನು ಆರಿಸುವ ಹಕ್ಕಿರಲಿಲ್ಲ.

ಅದು ನಿಂತುಹೋಗಲು ಶುರುವಾದದ್ದು ಬಂದ ಕೆಲವೇ ತಿಂಗಳಿಗೆ. ದನಿ ಚೆನ್ನಾಗಿ ಬರುತ್ತಿರುತ್ತದೆ, ದೊಡ್ಡಪ್ಪ ಇನ್ನೂ ಜೋರಾಗಲಿ ಎಂದು ಗುಂಡಿ ತಿರುಗಿಸುತ್ತಾನೆ, ಸ್ವಲ್ಪ ಹೊತ್ತಿಗೆ ಒಳಗೆ ಟಕ್ ಎಂದು ಸದ್ದು, ಮೂಲೆಯ ಕೆಂಪು ದೀಪ ಹತ್ತಿಕೊಳ್ಳುತ್ತದೆ, ಮನೆ ತಣ್ಣಗಾಗುತ್ತದೆ. ಕರೆಂಟು ಇರುತ್ತದೆ, ಪೆಟ್ಟಿಗೆಯೂ ಸತ್ತಿರುವುದಿಲ್ಲ, ದನಿ ಮಾತ್ರ ಇಲ್ಲ. ಒಂದಷ್ಟು ಹೊತ್ತಿನ ಮೇಲೆ ಮತ್ತೆ ಟಕ್ ಎಂದು ತಾನೇ ಸರಿಯಾಗುತ್ತದೆ. ಇದನ್ನು ಕಂಡುಹಿಡಿಯಲು ನಮ್ಮ ಮನೆಯ ಗಂಡಸರು ಪಟ್ಟ ಪಾಡು ನೋಡಬೇಕಿತ್ತು. ದೊಡ್ಡಪ್ಪ ವೋಲ್ಟೇಜು ಕಮ್ಮಿ ಎಂದು ಸ್ಟೆಬಿಲೈಜರ್ ತಂದ. ಚಿಕ್ಕಪ್ಪ ಒಳಗೆ ಹಲ್ಲಿ ಸೇರಿದೆ ಎಂದು ತೂತುಗಳಿಗೆ ಸಾಂಬ್ರಾಣಿ ಹೊಗೆ ಹಾಕಿದ, ಹಲ್ಲಿ ಬರಲಿಲ್ಲ, ನಾವೆಲ್ಲ ಕೆಮ್ಮುತ್ತಾ ಆಚೆಗೆ ಬಂದೆವು. ಅಪ್ಪ ಇಬ್ಬರು ಹೇಳಿದ್ದಕ್ಕೂ ಹೌದು ಎಂದ. ಅಪ್ಪನ ಜೀವಮಾನದ ಕೆಲಸವೇ ಅದು.

ಕೊನೆಗೆ ದೊಡ್ಡಪ್ಪನಿಗೆ ಹೊಳೆಯಿತು. ದೇವರ ಮನೆಯಲ್ಲಿರುವ ವಸ್ತು, ಹಾಗೆ ಸುಮ್ಮನೆ ಕೆಡುವುದಿಲ್ಲ, ಮನೆಯೊಳಗೆ ಯಾರೋ ಮುಟ್ಟಾದವರು ಓಡಾಡಿದ್ದಾರೆ, ಅದರ ಮೈಲಿಗೆ ತಾಗಿದೆ. ಅವತ್ತು ಚಿಕ್ಕವ್ವ ನಿಜಕ್ಕೂ ಹೊರಗಾಗಿದ್ದಳು, ತನ್ನ ಭಾಗದ ಮೂಲೆಯಲ್ಲೇ ಕೂತಿದ್ದಳು. ಅವಳನ್ನು ಹಿತ್ತಿಲಿಗೆ ಕಳಿಸಿ, ಗಂಜಲ ಚಿಮುಕಿಸಿ, ಅರಿಶಿನದ ನೀರು ಹಾಕಿ, ಕರ್ಪೂರ ಹಚ್ಚಿ, ಮೂರು ಭಾಗದವರೂ ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತರು. ಟಕ್. ದೀಪ ಆರಿತು, ಹಾಡು ಬಂತು. ಬಿಸಿಯಾದ ಪೆಟ್ಟಿಗೆ ಆರಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಅವರ ಈ ಶಾಂತಿಗೂ ಹಿಡಿಯುತ್ತಿತ್ತು. ಗುಟ್ಟು ಇಷ್ಟೇ. ಆದರೆ ದೊಡ್ಡಪ್ಪ ತಾನೇ ಮಿಷನ್ನಿನ ಒಳಗೆ ಇಳಿದು ರಿಪೇರಿ ಮಾಡಿ ಬಂದವನ ಹಾಗೆ ಮೀಸೆ ಒರೆಸಿಕೊಂಡ. ಅಲ್ಲಿಂದಾಚೆಗೆ ಅದು ನಿಂತಾಗಲೆಲ್ಲ ಸ್ಕ್ರೂಡ್ರೈವರ್ ಹುಡುಕುವ ಬದಲು ಹೆಂಗಸರ ಮುಖ ನೋಡುವುದು ರೂಢಿಯಾಯಿತು.

ದೊಡ್ಡಪ್ಪನ ಮಗಳು ಮಂಗಳಕ್ಕನ ನಿಶ್ಚಿತಾರ್ಥ ಬಂತು. ಗಂಡಿನ ಕಡೆಯವರು ನಾಗಮಂಗಲದವರು, ಅವರ ಮುಂದೆ ಮೈಕಿನಲ್ಲಿ ಸೋಬಾನೆ ಹಾಡಿಸಿದರೆ ಮನೆಗೆ ಗೌರವ ಎಂದು ದೊಡ್ಡಪ್ಪನಿಗೆ ಅನಿಸಿತು. ಅವ್ವನಿಗೆ ನೇರವಾಗಿ ಹೇಳಲಿಲ್ಲ. ತಮ್ಮನ ಹೆಂಡತಿಯ ಹೆಸರು ಹಿಡಿದು ಮಾತಾಡಿದರೆ ಘನತೆ ಕುಂದುತ್ತದೆಂದು ಅಪ್ಪನ ಕೈಲಿ ಹೇಳಿಕಳಿಸಿದ. ಅವ್ವ ಎರಡು ದಿನ ಗಂಟಲಿಗೆ ಬಿಸಿನೀರು ಕುಡಿದಳು. ಅವತ್ತು ತೊಟ್ಟಿಯ ಗೋಡೆಯ ಈಚೆ ಹೆಂಗಸರು, ಆಚೆ ಗಂಡಸರು. ರೇಡಿಯೊ ಟೇಪ್‌ರೆಕಾರ್ಡರನ್ನು ಬೆಂಚಿನ ಮೇಲಿಟ್ಟು ಎಲ್ಲವನ್ನೂ ರೆಕಾರ್ಡು ಮಾಡಲು ಬಿಟ್ಟಿದ್ದರು. ಅವ್ವ ಮೈಕು ಹಿಡಿದು ಎರಡು ಸಾಲು ಹಾಡಿದ್ದಳು. ಅವಳ ದನಿ ಅಷ್ಟು ಅಗಲವಾಗಿ ಮನೆಯನ್ನೆಲ್ಲ ತುಂಬುವುದನ್ನು ನಾನು ಅದೇ ಮೊದಲು ಕೇಳಿದ್ದು. ಗಂಡಿನ ತಾಯಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಮೂರನೆಯ ಸಾಲಿಗೆ ಟಕ್ ಎಂದಿತು. ಅವ್ವ ಗಮನಿಸದೆ ದನಿ ಸತ್ತ ಮೈಕು ಹಿಡಿದೇ ಹಾಡುತ್ತಿದ್ದಳು, ಅಷ್ಟರಲ್ಲಿ ದೊಡ್ಡಪ್ಪ ಗೋಡೆಯ ಆಚೆ ಎದ್ದು ನಿಂತ.

"ಯಾವೋಳು ಮುಟ್ಟಾಗವ್ಳೆ, ಎದ್ದು ಆಚೆಗೋಗಿ. ಸುಮ್ಕೆ ಕುಂತ್ಕಂಡು ಮನೆ ಮರ್ವಾದೆ ಕಳೀಬ್ಯಾಡಿ."

ಬೀಗರ ಮುಂದೆ. ಅಷ್ಟು ಜನ ಹೆಂಗಸರ ಮುಂದೆ. ಯಾರೂ ಏಳಲಿಲ್ಲ. ಮೈಕು ಅವ್ವನ ಕೈಲಿತ್ತಾದ್ದರಿಂದ ಎಲ್ಲರೂ ಅವ್ವನನ್ನೇ ನೋಡಿದರು. ನಾನಲ್ಲ ಬಾವ ಎಂದು ಅವಳು ಮೆಲ್ಲಗೆ ಹೇಳಿದಳು. ಅದು ನಿಜವಾಗಿತ್ತು, ಆದರೆ ತಾನು ಮುಟ್ಟಾಗಿಲ್ಲವೆಂದು ಸಭೆಯಲ್ಲಿ ಹೇಳಿಕೊಳ್ಳಬೇಕಾಗಿ ಬಂದ ಹೆಂಗಸಿನ ನಿಜವನ್ನು ಯಾರು ನಂಬುತ್ತಾರೆ. ದೊಡ್ಡವ್ವ ಬಂದು ಸೆರಗಿನ ತುದಿಯಲ್ಲಿ ಮೈಕನ್ನು ಅವಳ ಕೈಯಿಂದ ಬಿಡಿಸಿಕೊಂಡಳು, ಬೆರಳಿಗೆ ಬೆರಳು ತಾಗದ ಹಾಗೆ. ನಾನು ಅಪ್ಪನನ್ನು ಹುಡುಕಿದೆ. ಅವನು ಮಾಡಿನ ಹೆಂಚುಗಳನ್ನು ನೋಡುತ್ತಾ ನಿಂತಿದ್ದ, ಮಳೆಗಾಲಕ್ಕೆ ಎಷ್ಟು ಬದಲಾಯಿಸಬೇಕು ಎಂದು ಲೆಕ್ಕ ಹಾಕುವವನ ಹಾಗೆ. ದೊಡ್ಡಪ್ಪನ ಮೇಲೆ ನನಗೆ ಸಿಟ್ಟು ಬಂದಿತ್ತು. ಅಪ್ಪನ ಮೇಲೆ ಬಂದದ್ದು ಸಿಟ್ಟಲ್ಲ, ತಾತ್ಸಾರ. ಸಿಟ್ಟು ಇಳಿಯುತ್ತದೆ. ತಾತ್ಸಾರ ನನ್ನ ಜೊತೆ ಶಾಲೆಗೆ ಬಂತು, ಕಾಲೇಜಿಗೆ ಬಂತು, ಗಂಡನ ಮನೆಗೂ ಬಂತು. ತವರಿನಿಂದ ನನಗೆ ಸಿಕ್ಕ ಪಾಲು ಅದೊಂದೇ.

ಅದಾದ ಮೇಲೆ ಹೊಸ ಕಾನೂನಾಯಿತು. ಮುಟ್ಟಾದವರು ಇನ್ನು ತಮ್ಮ ಭಾಗದೊಳಗೂ ಇರುವಂತಿಲ್ಲ, ಹಿತ್ತಿಲಲ್ಲಿ ಕೊಟ್ಟಿಗೆಯ ಪಕ್ಕದ ಹುಲ್ಲಿನ ಕೋಣೆಯಲ್ಲಿರಬೇಕು. ದೊಡ್ಡವ್ವನಿಗೆ ಮುಟ್ಟು ನಿಂತಿತ್ತು. ಚಿಕ್ಕವ್ವನ ತವರು ಪಾಂಡವಪುರ, ಬಸ್ಸು ಹತ್ತಿದರೆ ಮುಗಿಯಿತು. ಉಳಿದವಳು ಅವ್ವ ಒಬ್ಬಳೇ. ಮೊದಲ ಸಲ ಅವಳು ಹೋಗುವುದಿಲ್ಲವೆಂದು ಒಲೆಯ ಮುಂದೆ ಕೂತಳು. ಅಪ್ಪ ಬಾಗಿಲಲ್ಲಿ ನಿಂತು, ಒಳಗೂ ಬರದೆ ಆಚೆಗೂ ಹೋಗದೆ, ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಒಂದ್ ನಾಕ್ ದಿನ ಕೊಟ್ಗೆ ತಾವಿದ್ರೆ ನಿನ್ ಗಂಟೇನೋಯ್ತದೆ? ಅಣ್ಣನ್ ತಾವ ನಾನ್ ಮಾತ್ ಕೇಳಕಾಯ್ತದಾ?"

ಅವ್ವ ಎದ್ದು ಚಾಪೆ ಸುತ್ತಿಕೊಂಡು ಹೋದಳು. ಆ ದಿನಗಳಲ್ಲಿ ನನಗೂ ಅಪ್ಪನಿಗೂ ಊಟ ದೊಡ್ಡಪ್ಪನ ಮನೆಯಲ್ಲಿ. ದೊಡ್ಡವ್ವ ಮುದ್ದೆ ಇಡುವಾಗ ನಿಮ್ಮವ್ವನಿಗೆ ಬಾಯಿ ಜಾಸ್ತಿ ಎನ್ನುತ್ತಿದ್ದಳು, ಸಾರು ಬಿಡುವಾಗ ಇನ್ನೊಂದು ಹೇಳುತ್ತಿದ್ದಳು. ಅಪ್ಪ ಎರಡನೇ ಮುದ್ದೆ ಹಾಕಿಸಿಕೊಂಡು ಉಣ್ಣುತ್ತಿದ್ದ. ನಾನು ಅವ್ವನ ತಟ್ಟೆಯನ್ನು ಹಿತ್ತಿಲಿಗೆ ಒಯ್ದು ದೂರದಲ್ಲಿಟ್ಟು ಬರಬೇಕಿತ್ತು. ಒಯ್ದು ಅವಳ ಮಡಿಲಿಗೆ ಒರಗಿಕೊಂಡು ಕೂರುತ್ತಿದ್ದೆ. ಅವಳು ಬೇಡ ಅನ್ನಲಿಲ್ಲ. ಆದರೆ ಅವಳು ಗುನುಗುವುದನ್ನು ನಿಲ್ಲಿಸಿಬಿಟ್ಟಳು. ಹುಲ್ಲಿನ ಕೋಣೆಯಲ್ಲಿದ್ದಾಗ ಮಾತ್ರವಲ್ಲ, ಮನೆಗೆ ಬಂದು ಒಲೆ ಹಚ್ಚಿದ ಮೇಲೂ. ಕೇಳಿದರೆ ಗಂಟಲು ಕಟ್ಟಿದೆ ಎನ್ನುತ್ತಿದ್ದಳು. ತಿಂಗಳುಗಟ್ಟಲೆ ಯಾರ ಗಂಟಲು ಕಟ್ಟುತ್ತದೆ? ನನಗೆ ಭಯ ಶುರುವಾಯಿತು, ಅದು ಹಾಗೇ ಕಟ್ಟಿಹೋದರೆ ಏನು ಮಾಡುವುದು ಎಂದು.

ಇಷ್ಟೆಲ್ಲ ಮಡಿ ಮಾಡಿದರೂ ಮಿಷನ್ನು ನಿಲ್ಲುವುದು ನಿಲ್ಲಲಿಲ್ಲ. ಬರಬರುತ್ತಾ ಜಾಸ್ತಿಯೇ ಆಯಿತು. ಚಿಕ್ಕಪ್ಪ ಪಾಂಡವಪುರದಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆತಂದ. ಸೆಂಟು ಬಳಿದುಕೊಂಡು ಬಂದಿದ್ದ ಆ ಮನುಷ್ಯ ಪೆಟ್ಟಿಗೆ ಬಿಚ್ಚುವ ಮೊದಲೇ ಊಟಕ್ಕೆ ನಾಟಿ ಕೋಳಿಯಾದರೆ ಒಳ್ಳೆಯದೆಂದು ಸೂಚಿಸಿದ. ಆದರೆ ಕೆಲಸ ಗೊತ್ತಿತ್ತು. ಪೆಟ್ಟಿಗೆಯೊಳಗೆ ಏನೂ ಕೆಟ್ಟಿಲ್ಲವೆಂದು ಮುಚ್ಚಿ, ಹಿಂದಿನಿಂದ ಗೋಡೆ ತೂರಿ ಹೋಗಿದ್ದ ವೈರುಗಳ ಜಾಡು ಹಿಡಿದು ಹಿತ್ತಿಲಿಗೆ ನಡೆದ. ಅಲ್ಲಿ ದೇವರ ಮನೆಯ ಹಿಂದಿನ ಗೋಡೆಯ ಹತ್ತಿರ ವೈರುಗಳೆಲ್ಲ ಕೂಡುವ ಜಾಗ. ಮೂರು ಬಾಕ್ಸಿಗೆ ಮೂರು ವೈರು ಇರಬೇಕಾದ ಕಡೆ ಒಂದು ಗಂಟು ಇತ್ತು. ಎಳೆದು ನೋಡಿದರೆ ಒಂದು ವೈರು ಮಾಡಿನ ಮೇಲಿನ ಹಾರ್ನಿಗೆ ಹೋಗಿತ್ತು, ಎದುರುಗಡೆಯ ಡೇರಿಗೆ ಮುಖ ಮಾಡಿದ್ದದ್ದು. ಅದು ದೊಡ್ಡಪ್ಪನ ಕೆಲಸ. ಇನ್ನೊಂದು, ಚಿಕ್ಕಪ್ಪ ಬೇಲಿಯ ಜಗಳವಾಡಿದ್ದ ಪಕ್ಕದ ಮನೆಯವರ ಕಿಟಕಿಗೆ ತಾಗಿಸಿ ಇಟ್ಟಿದ್ದ ಬಾಕ್ಸಿಗೆ. ಮತ್ತೊಂದು ಕೊಟ್ಟಿಗೆಗೆ, ಹಾಡು ಕೇಳಿದರೆ ಹಸು ಹಾಲು ಜಾಸ್ತಿ ಕೊಡುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಅಪ್ಪ ಎಳೆದದ್ದು. ಮೂವರೂ ಒಬ್ಬರಿಗೊಬ್ಬರು ಹೇಳದೆ ಕದ್ದು ಎಳೆದಿದ್ದರು. ನೆಲ ಹಂಚಿಕೊಂಡರು, ಒರಳು ಹಂಚಿಕೊಂಡರು, ಸದ್ದನ್ನೂ ಇನ್ನೊಬ್ಬನಿಗಿಂತ ಒಂದು ಗುಕ್ಕು ಜಾಸ್ತಿ ತಿನ್ನಬೇಕು.

ಜಗಲಿಯಲ್ಲಿ ಎಲೆ ಹಾಕಿ ಕೂರಿಸಿದ್ದರು. ಬಡಿಸಲು ಕೈ ಸಾಲದೆಂದು ಅವ್ವನನ್ನೂ ಕರೆದಿದ್ದರು. ಮೆಕ್ಯಾನಿಕ್ಕು ಮೂಳೆ ಚೀಪುತ್ತಾ ವಿವರಿಸಿದ.

"ಒಂದ್ ಜೊತೆ ಎತ್ಗೆ ಮೂರ್ ಗಾಡಿ ಕಟ್ಟುದ್ರೆ ಮಲಿಕಳ್ದೆ ಇನ್ನೇನ್ ಮಾಡದು? ಬಾಕ್ಸ್ ಜಾಸ್ತಿ ಆಗವೆ. ಕಾದೋಯ್ತದೆ, ಸುಟ್ಟೋಗಬಾರ್ದು ಅಂತ ಅದೇ ನಿಂತ್ಕತದೆ. ಆರುದ್ರೆ ಅದೇ ಬತ್ತದೆ."

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡಿಕೊಂಡರು. ಅವ್ವ ಸಾರಿನ ಸೌಟು ಹಿಡಿದು ಅವನ ಎಲೆಯ ಮುಂದೆ ನಿಂತಿದ್ದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಕು ಕಂಡಿತು. ಹಾಗಾದರೆ ಮೈಲಿಗೆಯಿಂದ ಅಲ್ಲವೇ ಎಂದು ದೊಡ್ಡಪ್ಪ ಕೇಳಿದ. ಆ ಮನುಷ್ಯ ದೊಡ್ಡಪ್ಪನ ಮುಖ ನೋಡಿದ, ಡೇರಿಗೆ ಮೈಕ್ ಸೆಟ್ ಹಾಕಿಸುವ ಮಾತು ಆಗಲೇ ಬಂದಿತ್ತು, ಎಲೆಯಲ್ಲಿ ಇನ್ನೂ ಮುದ್ದೆ ಉಳಿದಿತ್ತು.

"ಅದೂ ಇರ್ಬೋದು ಯಜಮಾನ್ರೆ. ಮಿಸನ್ನು ಅಂದ್ಮೇಲೆ ಎಲ್ಲಾನೂ ನೋಡ್ಬೇಕಲ್ವ."

ಅವ್ವ ಸೌಟಿನಲ್ಲಿದ್ದ ಸಾರನ್ನು ಅವನ ಎಲೆಗೆ ಬಿಡಲಿಲ್ಲ. ಹಾಗೇ ತಿರುಗಿ ಪಾತ್ರೆಗೆ ಸುರಿದು ಒಳಗೆ ಹೋದಳು. ಗೊತ್ತಿಲ್ಲದೆ ತಪ್ಪು ಹೇಳುವವರನ್ನು ನಾನು ಈಗಲೂ ಸಹಿಸುತ್ತೇನೆ. ಗೊತ್ತಿದ್ದೂ ಒಂದು ತುಂಡು ಕೋಳಿಗೆ ಅದೂ ಇರಬಹುದು ಎನ್ನುವವರ ಜೊತೆ ಒಂದು ಲೋಟ ಕಾಫಿ ಕೂಡ ಕುಡಿಯುವುದಿಲ್ಲ. ಅಂಥವರು ದೊಡ್ಡ ದೊಡ್ಡ ಕುರ್ಚಿಗಳಲ್ಲೂ ನನಗೆ ಆಮೇಲೆ ಬೇಕಾದಷ್ಟು ಜನ ಸಿಕ್ಕಿದರು.

ಮೆಕ್ಯಾನಿಕ್ಕು ಹೆಚ್ಚಿನ ವೈರುಗಳನ್ನು ಕಿತ್ತು ಹೋದ. ಎರಡು ವಾರ ಮಿಷನ್ನು ಒಂದು ಸಲವೂ ನಿಲ್ಲಲಿಲ್ಲ. ಆದರೂ ಅವ್ವನ ಮುಟ್ಟಿನ ದಿನ ಬಂದಾಗ ಚಾಪೆ ಹಿತ್ತಿಲಿಗೇ ಹೋಗಬೇಕಾಯಿತು. ದೊಡ್ಡಪ್ಪನ ಪ್ರಕಾರ ಮಿಷನ್ನು ಸರಿಯಾಗಿ ಓಡುತ್ತಿರುವುದೇ ಮಡಿಯಿಂದ, ವೈರು ಕಿತ್ತದ್ದು ಒಂದು ನೆಪ. ಆ ಶುಕ್ರವಾರ ಮಧ್ಯಾಹ್ನ ನಾನು ಅವ್ವನ ಜೊತೆ ಹುಲ್ಲಿನ ಕೋಣೆಯಲ್ಲಿದ್ದೆ. ಮನೆಯವರೆಲ್ಲ ಉಂಡು ಮಲಗಿದ್ದರು. ಆ ಕೋಣೆಯ ಬಾಗಿಲಿನಿಂದ ದೇವರ ಮನೆಯ ಹಿಂದಿನ ಗೋಡೆ ಪೂರಾ ಕಾಣುತ್ತದೆ. ಅವಳನ್ನು ಅಲ್ಲಿ ಕೂರಿಸಿದವರಿಗೆ ಅದು ಹೊಳೆದಿರಲಿಲ್ಲ, ಯಾಕೆಂದರೆ ಅವರ್ಯಾರೂ ಅಲ್ಲಿ ಕೂತವರಲ್ಲ. ಮೊದಲು ಚಿಕ್ಕಪ್ಪ ಬಂದ, ಪಂಚೆ ಎತ್ತಿ ಕಟ್ಟಿ, ತನ್ನ ವೈರನ್ನು ಮತ್ತೆ ಗಂಟು ಹಾಕಿ ಹೋದ. ಸ್ವಲ್ಪ ಹೊತ್ತಿಗೆ ದೊಡ್ಡಪ್ಪ. ಡೇರಿ ಅಧ್ಯಕ್ಷರು ಬೆಕ್ಕಿನ ಹಾಗೆ ಅತ್ತಿತ್ತ ನೋಡಿ ಹಲ್ಲಿನಲ್ಲಿ ವೈರಿನ ತೊಗಟೆ ಸುಲಿಯುತ್ತಿದ್ದರು. ಕೊನೆಗೆ ಅಪ್ಪ ಬಂದ. ಅವನು ಕೊಟ್ಟಿಗೆಯ ಕಡೆಯಿಂದ ವೈರು ಎಳೆದುಕೊಂಡು ಬರಬೇಕಾಗಿದ್ದರಿಂದ ನಮ್ಮ ಬಾಗಿಲ ಮುಂದೆಯೇ ಹಾದುಹೋದ. ಅವ್ವನನ್ನು ನೋಡಿ ನಿಂತ. ಒಂದು ಪೆಚ್ಚು ನಗೆ ನಕ್ಕು, ಹೇಳಬೇಡ ಎಂಬಂತೆ ಕೈ ಆಡಿಸಿ, ಹೋಗಿ ಗಂಟು ಹಾಕಿ ಬಂದ. ಅವ್ವ ಹುಲ್ಲಿನ ಕಡ್ಡಿಯೊಂದನ್ನು ಉಗುರಿನಲ್ಲಿ ಸೀಳುತ್ತಾ ಸೀಳುತ್ತಾ ನೂಲಿನಷ್ಟು ಸಣ್ಣಗೆ ಮಾಡಿದಳು.

ಮಾರನೆಯ ದಿನ ಶ್ರಾವಣ ಶನಿವಾರ. ದೊಡ್ಡಪ್ಪ ಉಪವಾಸ, ಹಣೆಗೆ ಮೂರು ನಾಮ, ಮೈಮೇಲೆ ಒದ್ದೆ ಪಂಚೆ. ಸಂಜೆ ಅವನು ಮಡಿಯಲ್ಲೇ ದೇವರಿಗೆ ಎಡೆಯ ತಳಿಗೆ ಹಾಕಿದ ಮೇಲೆ ಮನೆಯವರ ಊಟ. ಅದಕ್ಕೆ ಮೊದಲು ಜಗಲಿಯಲ್ಲಿ ನಿಂತು ಮೈಕಿನಲ್ಲಿ ಶ್ರಾವಣದ ಮಹಿಮೆ ಹೇಳುವುದು ಬೇರೆ. ಎದುರಿಗೆ ಡೇರಿಯ ಮುಂದೆ ಊರೆಲ್ಲ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿತ್ತು. ಅವನು ಗೋವಿಂದ ಎಂದು ಕೂಗಿಸಿ ಮಾತು ಶುರುಮಾಡಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಟಕ್ ಎಂದಿತು. ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಪ್ಪ ನಡುಮನೆಗೆ ಬಂದು, ಹಿತ್ತಿಲ ಬಾಗಿಲಿಗೆ ಕೇಳುವ ಹಾಗೆ ಅಪ್ಪನಿಗೆ ಹೇಳಿದ.

"ಲೇ, ನಿನ್ನೆಂಡ್ತಿ ಆ ಕೋಣೆ ಬುಟ್ಟು ಅಲ್ಲಾಡವ್ಳೆ ಕಣ್ಲಾ. ಇಲ್ದಿದ್ರೆ ಇದು ನಿಲ್ತಿರ್ಲಿಲ್ಲ. ಕೇಳೋಗು."

ಅಪ್ಪ ಕೇಳಲು ಬರಲಿಲ್ಲ. ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟ. ಬಂದದ್ದು ಅವ್ವ. ಮೊದಲು ಹಿತ್ತಿಲ ಗೋಡೆಯ ಹತ್ತಿರ ಹೋಗಿ, ಆ ಗಂಟಿಗೆ ಕೈಹಾಕಿ, ಒಂದೊಂದೇ ವೈರು ಕಿತ್ತಳು. ಕೊಟ್ಟಿಗೆಯದು, ಚಿಕ್ಕಪ್ಪನದು, ಮೂರು ಭಾಗದ ಬಾಕ್ಸುಗಳದು. ಹಾರ್ನಿನ ವೈರೊಂದನ್ನು ಬಿಟ್ಟಳು. ಆಮೇಲೆ ಹಿತ್ತಿಲ ಬಾಗಿಲು ದಾಟಿ, ನಡುಮನೆ ದಾಟಿ, ದೊಡ್ಡವ್ವ ಅಯ್ಯೋ ಎನ್ನುತ್ತಾ ಗೋಡೆಗೆ ಒತ್ತಿಕೊಳ್ಳುತ್ತಿದ್ದ ಹಾಗೆ, ನೇರವಾಗಿ ದೇವರ ಮನೆಗೆ ಹೋದಳು. ದೊಡ್ಡಪ್ಪ ತಡೆಯಲು ಕೈ ಚಾಚಿದವನು ಮಡಿ ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. ಅವ್ವ ಕ್ಯಾಸೆಟ್ಟುಗಳ ರಾಶಿಯಿಂದ ಮಂಗಳಕ್ಕನ ನಿಶ್ಚಿತಾರ್ಥದ್ದನ್ನು ಹುಡುಕಿ, ಪೆಟ್ಟಿಗೆಗೆ ಜೋಡಿಸಿದ್ದ ಟೇಪ್‌ರೆಕಾರ್ಡರಿಗೆ ಹಾಕಿದಳು. ಒಂದು ಮಗ್ಗುಲು ಮುಗಿದರೆ ತಾನೇ ಇನ್ನೊಂದು ಮಗ್ಗುಲಿಗೆ ಹೊರಳಿ, ಮತ್ತೆ ಮೊದಲಿಗೆ ಬರುವ ಟೇಪ್‌ರೆಕಾರ್ಡರು ಅದು. ಅಷ್ಟರಲ್ಲಿ ತಣ್ಣಗಾಗಿ ಕೆಂಪು ದೀಪ ಆರಿದ್ದ ಪೆಟ್ಟಿಗೆಯ ದೊಡ್ಡ ಗುಂಡಿಯನ್ನು ಅಂಗೈಯಿಂದ ಹಿಡಿದು ಕೊನೆಯವರೆಗೆ ತಿರುಗಿಸಿದಳು. ಕಳಸ, ಪಟ, ದೀಪದ ಕಂಬ, ಅಲ್ಲಿ ಕೈಗೆ ಎಟುಕುವ ಯಾವುದನ್ನೂ ಬಿಡದೆ ಮುಟ್ಟಿ, ಬಂದ ದಾರಿಯಲ್ಲೇ ಹಿಂತಿರುಗಿ ಹುಲ್ಲಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತಳು.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನಾನು ಆ ಸಂಜೆಯಲ್ಲೇ ಮುಗಿಸಬೇಕು. ಮುಂದಿನ ತಿಂಗಳಿಂದ ಅವ್ವ ಹಿತ್ತಿಲಿಗೆ ಹೋಗಲಿಲ್ಲ, ಹೋಗೆಂದು ಯಾರೂ ಹೇಳಲಿಲ್ಲ. ದೇವರ ಮನೆ ತೊಳೆದರು, ಕಳಸ ಬದಲಾಯಿಸಿದರು, ಆದರೆ ಆ ಪೆಟ್ಟಿಗೆಯನ್ನು ಮತ್ತೆ ದೇವರ ಹತ್ತಿರ ಇಡಲು ಯಾರಿಗೂ ಧೈರ್ಯವಾಗಲಿಲ್ಲ. ಅದು ನಮ್ಮ ಭಾಗಕ್ಕೆ ಬಂತು, ಅವ್ವನ ಅಡುಗೆಮನೆಗೆ, ಎಷ್ಟೋ ವರ್ಷದ ಮೇಲೆ ಅಲ್ಲಿಂದ ಅಟ್ಟಕ್ಕೆ. ಅವ್ವ ಮತ್ತೆ ಗುನುಗತೊಡಗಿದಳು.

ಆ ಸಂಜೆ ಮೊದಲು ಕೇಳಿದ್ದು ಅವಳ ಸೋಬಾನೆ. ಹಾರ್ನಿನಿಂದ ಡೇರಿಯ ಮೇಲೆ, ಬೀದಿಯ ಮೇಲೆ, ಕೆರೆ ಏರಿಯವರೆಗೆ. ಕ್ಯಾನು ಹಿಡಿದವರು ಮಾತು ನಿಲ್ಲಿಸಿದರು. ಮೂರನೆಯ ಸಾಲಿಗೆ ಅವಳ ದನಿ ಸಣ್ಣದಾಗಿ ದೂರ ಹೋಯಿತು, ಅದರ ಮೇಲೆ ದೊಡ್ಡಪ್ಪನ ದನಿ ಬಂತು, ಯಾವೋಳು ಮುಟ್ಟಾಗವ್ಳೆ ಎದ್ದು ಆಚೆಗೋಗಿ ಎಂದು, ಊರಿಗೆಲ್ಲ. ಅವತ್ತು ಬೀಗರ ಮುಂದೆ ಆಡಿದ್ದು ಇವತ್ತು ಶ್ರಾವಣ ಶನಿವಾರ ಮೂರು ನಾಮ ಹಾಕಿಕೊಂಡು ನಿಂತವನ ತಲೆಯ ಮೇಲಿನಿಂದಲೇ ಹೊರಟಿತು. ಡೇರಿಯ ಸಾಲಿನಲ್ಲಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಅವರ ಭುಜಗಳು ಕುಣಿಯುತ್ತಿದ್ದವು. ದೊಡ್ಡಪ್ಪ ದೇವರ ಮನೆಯ ಹೊಸ್ತಿಲವರೆಗೆ ಓಡಿ ನಿಂತ. ಮುಟ್ಟಿದರೆ ಮಡಿ ಹೋಯಿತು, ಉಪವಾಸ ಹೋಯಿತು, ತಳಿಗೆ ಹೋಯಿತು. ಅದೂ ಅವನೇ ಮಾಡಿದ ಕಾನೂನು. ಮೀಟರಿನ ಫ್ಯೂಸು ಕೀಳೆಂದು ಚಿಕ್ಕಪ್ಪನಿಗೆ ಕೂಗಿದ. ಮೀಟರು ಚಿಕ್ಕಪ್ಪನ ಭಾಗದಲ್ಲಿತ್ತು. ನನ್ನ ಭಾಗದಲ್ಲಿ ಟೀವಿ ಓಡುತ್ತಿದೆ, ಫ್ಯೂಸು ಕಿತ್ತರೆ ಸುಟ್ಟುಹೋಗುತ್ತದೆ ಎಂದು ಗೋಡೆಯ ಆಚೆಯಿಂದ ಬಂತು ಉತ್ತರ. ಅಣ್ಣನ ಮಾನ ಹೋಗುವುದನ್ನು ಕೇಳುತ್ತಾ ಅವನು ಬೀಡಿ ಹಚ್ಚಿದ್ದು ವಾಸನೆಯಿಂದಲೇ ಗೊತ್ತಾಯಿತು.

ಟೇಪು ಹೊರಳಿ ಮತ್ತೆ ಮೊದಲಿಗೆ ಬಂತು. ದೊಡ್ಡಪ್ಪ ಒದ್ದೆ ಪಂಚೆ ಎತ್ತಿಕೊಂಡು ಹಿತ್ತಿಲಿಗೆ ಬಂದ. ಹಾರ್ನಿನ ವೈರು ಗೋಡೆಯ ಮೇಲೆ ಕಣ್ಣೆದುರೇ ಇತ್ತು, ಆದರೆ ಆ ಗಂಟನ್ನೂ ಅವ್ವ ಮುಟ್ಟಿದ್ದಳು. ಹುಲ್ಲಿನ ಕೋಣೆಯಿಂದ ಮೈಲಿಗೆ ತಾಗದಷ್ಟು ದೂರದಲ್ಲಿ ನಿಂತ. ಅವನ ಬಾಯಿಂದ ಅವ್ವನ ಹೆಸರು ನಾನು ಕೇಳಿದ್ದು ಅದೇ ಮೊದಲು.

"ಜಯಮ್ಮ, ಒಳಕ್ಕೋಗಿ ಅದ್ನೊಸಿ ಆರುಸ್ಬುಡವ್ವ."

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಭಾವನ ಮುಂದೆ ತೋರಿಸಬೇಕಾದ ಮರ್ಯಾದೆಯನ್ನೆಲ್ಲ ತೋರಿಸಿ, ನೆಲ ನೋಡುತ್ತಾ ಹೇಳಿದಳು.

"ನಾನ್ ಆಚೆ ಕುಂತಿವ್ನಲ್ವ ಬಾವ. ದೇವ್ರ ಮನೆ ಹೊಸ್ಲು ತುಳಿಯಂಗಿಲ್ಲ."

ಅವನು ಬಂದ ದಾರಿಗೇ ತಿರುಗಿದ. ಆಮೇಲೆ ಒಳಗೆ ಹೋಗಿ ಹೊಸ್ತಿಲ ಈಚೆ ಕುಕ್ಕರಗಾಲಿನಲ್ಲಿ ಕೂತು, ಪೆಟ್ಟಿಗೆಯ ಮೂಲೆಯ ಆ ಕೆಂಪು ದೀಪವನ್ನೇ ನೋಡತೊಡಗಿದ. ಇಷ್ಟು ದಿನ ನಿಲ್ಲದಿರಲಿ ಎಂದು ಕರ್ಪೂರ ಹಚ್ಚಿದವನು, ಈಗ ನಿಲ್ಲಲಿ ಎಂದು ಎರಡೂ ಕೈ ಮುಗಿದಿದ್ದ. ಗುಂಡಿ ಕೊನೆಯವರೆಗೆ ತಿರುಗಿತ್ತು, ಸದ್ದಿಗೆ ಹೆಂಚು ಅದುರುತ್ತಿತ್ತು, ಆದರೆ ಆ ಜೊತೆ ಎತ್ತಿಗೆ ಈಗ ಒಂದೇ ಗಾಡಿ. ದೀಪ ಹತ್ತಲಿಲ್ಲ.